ಬೀರು ಮಾಡಿದವನ ಮೊಮ್ಮಗ

ಕಳೆದ ಸೆಮಿಸ್ಟರ್ ರಜೆಗೆ ಮುಂಚೆ ನಾವು ನಾಲ್ಕು ಜನ ಸೇರಿ ಒಂದು ತೀರ್ಮಾನ ಮಾಡಿದೆವು. ಆರು-ಏಳನೇ ಕ್ಲಾಸಿನಲ್ಲಿ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದ ನಾರ್ನಿಯಾದ ಏಳೂ ಪುಸ್ತಕಗಳನ್ನ ಮತ್ತೆ ಓದೋದು ಅಂತ. ಹೇಳೋಕೆ ಸುಲಭ. ಆದರೆ ಒಳಗೊಳಗೇ ಎಲ್ಲರಿಗೂ ಒಂದು ಅಳುಕು ಇತ್ತು. ಚಿಕ್ಕವರಿದ್ದಾಗ ಬೆಟ್ಟದಷ್ಟು ದೊಡ್ಡದಾಗಿ ಕಾಣ್ತಿದ್ದ ಶಾಲೆಯ ಆಟದ ಮೈದಾನ ಈಗ ಹೋಗಿ ನೋಡಿದರೆ ಅಂಗೈಯಗಲ ಇರುತ್ತಲ್ಲ, ಹಾಗೇನಾದರೂ ಆಗಿಬಿಟ್ಟರೆ? ಅಮ್ಮನ ಸೀರೆಗಳ ಮಧ್ಯೆ ಕೈ ಹಾಕಿ, ಕಬ್ಬಿಣದ ಬೀರುವಿನ ಹಿಂದಿನ ತಗಡನ್ನ ತಟ್ಟಿ ತಟ್ಟಿ ನೋಡಿ, ಇಸ್ತ್ರಿ ಬಟ್ಟೆ ಹಾಳು ಮಾಡಿದ್ದಕ್ಕೆ ಬೆನ್ನ ಮೇಲೆ ಎರಡು ತಿಂದವರು ನಾವು. ಆ ಏಟುಗಳಾದರೂ ಸಾರ್ಥಕ ಅನ್ನಿಸಬೇಕು ತಾನೆ?

ಓದಿದೆವು. ಓದುತ್ತಾ ಓದುತ್ತಾ ಪುಸ್ತಕಕ್ಕಿಂತ ಹೆಚ್ಚಾಗಿ ಅದನ್ನ ಬರೆದ ಮನುಷ್ಯನ ಬಗ್ಗೆ ಜಗಳ ಶುರುವಾಯ್ತು. ಒಬ್ಬಳಿಗೆ ಸಿಟ್ಟು, ಒಬ್ಬನಿಗೆ ಅನುಮಾನ, ಇನ್ನಿಬ್ಬರಿಗೆ ಕುತೂಹಲ. ಕೊನೆಗೆ ಅವರ ಜೀವನವನ್ನೇ ಹುಡುಕಿ ಓದಿದೆವು. ಈ ಬರಹ ಆ ಜಗಳದ ಫಲ.

ಕ್ಲೈವ್ ಸ್ಟೇಪಲ್ಸ್ ಲೂಯಿಸ್ ಹುಟ್ಟಿದ್ದು 1898ರ ನವೆಂಬರ್ 29ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಅಪ್ಪ ಆಲ್ಬರ್ಟ್ ವಕೀಲರು. ತಾತ ರಿಚರ್ಡ್ ಲೂಯಿಸ್ ಮಾತ್ರ ನಮ್ಮ ಕಡೆಯವರು! ಅಂದ್ರೆ ಬಾಯ್ಲರ್ ಮಾಡುವ ಕೆಲಸಗಾರನಾಗಿ ಮೇಲೆ ಬಂದು, ಬೆಲ್‌ಫಾಸ್ಟ್‌ನಲ್ಲಿ ಬಾಯ್ಲರ್ ಮತ್ತು ಕಬ್ಬಿಣದ ಹಡಗು ಕಟ್ಟುವ ಕಂಪನಿಗೆ ಪಾಲುದಾರರಾದವರು. ಈ ತಾತ ತಮ್ಮ ಕೈಯಾರೆ ಮರದಲ್ಲಿ ಒಂದು ದೊಡ್ಡ ಬೀರು ಮಾಡಿದ್ದರು. ಮನೆಯ ಮಕ್ಕಳು ಅದರೊಳಗೆ ಕೂತು ಕಥೆ ಕೇಳ್ತಿದ್ದರಂತೆ. ಆ ಬೀರು ಈಗಲೂ ಇದೆ, ಅಮೆರಿಕದ ಇಲಿನಾಯ್ ರಾಜ್ಯದ ವೀಟನ್ ಕಾಲೇಜಿನಲ್ಲಿ.

ತಾತನ ಕೈಚಳಕ ಮೊಮ್ಮಗನಿಗೆ ಬರಲಿಲ್ಲ. ಹುಟ್ಟಿನಿಂದಲೇ ಇವನ ಹೆಬ್ಬೆರಳಿನಲ್ಲಿ ಎರಡು ಗೆಣ್ಣು ಮಡಚಬೇಕಾದ ಕಡೆ ಒಂದೇ ಮಡಚುತ್ತಿತ್ತು. ಅಣ್ಣ ವಾರ್ನಿಗೂ ಹಾಗೇ. ರಟ್ಟು, ಕತ್ತರಿ ಹಿಡಿದು ಹಡಗು, ಮನೆ, ಇಂಜಿನ್ ಮಾಡಬೇಕು ಅಂತ ಹುಡುಗನಿಗೆ ವಿಪರೀತ ಆಸೆ. ಕೂತರೆ ಒಂದೂ ನೆಟ್ಟಗೆ ಬರೋದಿಲ್ಲ, ಅಳು ಬರುತ್ತೆ. ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬಿನಲ್ಲಿ ಫೈಲಿಂಗ್ ಮಾಡಿ ಮಾಡಿ ಚೌಕವನ್ನ ಟ್ರೆಪೀಜಿಯಂ ಮಾಡಿದವರಿಗೆ ಈ ದುಃಖ ಅರ್ಥವಾಗುತ್ತೆ. ಕೈಯಲ್ಲಿ ಮಾಡೋಕೆ ಆಗದ್ದನ್ನ ಕಾಗದದ ಮೇಲೆ ಮಾಡಬಹುದು ಅಂತ ಅವನಿಗೆ ಹೊಳೆದದ್ದು ಆಗ. ಹೆಬ್ಬೆರಳು ಸರಿ ಇದ್ದಿದ್ದರೆ ನಾರ್ನಿಯಾ ಇರ್ತಿರಲಿಲ್ಲವೇನೋ!

ನಾಲ್ಕು ವರ್ಷದವನಿದ್ದಾಗ ಅವನಿಗೆ ಇಷ್ಟವಾದ ಜ್ಯಾಕ್ಸಿ ಅನ್ನೋ ನಾಯಿ ಕಾರಿಗೆ ಸಿಕ್ಕಿ ಸತ್ತುಹೋಯ್ತು. ಇನ್ನು ಮುಂದೆ ನನ್ನ ಹೆಸರೇ ಜ್ಯಾಕ್ಸಿ ಅಂತ ಹುಡುಗ ಘೋಷಿಸಿದ, ಬೇರೆ ಯಾವ ಹೆಸರಲ್ಲಿ ಕರೆದರೂ ಓಗೊಡಲಿಲ್ಲ. ಅದೇ ಜ್ಯಾಕ್ ಆಗಿ ಸಾಯೋತನಕ ಉಳಿದುಕೊಂಡಿತು. 1905ರಲ್ಲಿ ಮನೆಯವರು ಊರಾಚೆಯ ದೊಡ್ಡ ಹೊಸ ಮನೆಗೆ ಹೋದರು. ಉದ್ದುದ್ದ ಹಜಾರ, ಅಟ್ಟದ ಮೇಲಿನ ಖಾಲಿ ಕೋಣೆಗಳು, ಎಲ್ಲಿ ನೋಡಿದರಲ್ಲಿ ಪುಸ್ತಕ. ಹೊರಗೆ ಐರ್ಲೆಂಡಿನ ಬಿಡದ ಮಳೆ. ಅಟ್ಟದ ಕೋಣೆಯಲ್ಲಿ ಅಣ್ಣತಮ್ಮಂದಿರು ಒಂದೊಂದು ದೇಶ ಕಟ್ಟಿದರು. ಜ್ಯಾಕ್‌ನ ದೇಶದಲ್ಲಿ ಬಟ್ಟೆ ತೊಟ್ಟು ಮಾತಾಡೋ ಪ್ರಾಣಿಗಳು. ವಾರ್ನಿಯ ದೇಶದಲ್ಲಿ ರೈಲು, ಸ್ಟೀಮರ್. ಅದರ ಹೆಸರೇನು ಗೊತ್ತಾ? ಇಂಡಿಯಾ! ಎರಡನ್ನೂ ಸೇರಿಸಿ ನಕ್ಷೆ ಬರೆದು, ಹಡಗಿನ ದಾರಿ ಎಳೆದು, ನೂರಾರು ವರ್ಷಗಳ ಇತಿಹಾಸ ಬರೆದು ಬಾಕ್ಸೆನ್ ಅಂತ ಹೆಸರಿಟ್ಟರು. ನಮ್ಮ ದೇಶ ಒಬ್ಬ ಐರಿಶ್ ಹುಡುಗನ ಅಟ್ಟದಲ್ಲಿ ಕಾಲ್ಪನಿಕ ರಾಜ್ಯ ಆಗಿತ್ತು ಅಂತ ಓದಿದಾಗ ನಮಗೆ ನಗು ಬಂತು. ನಮಗೆ ಅವರ ದೇಶವೂ ಹಾಗೇ ಅಲ್ಲವೇ ಇದ್ದದ್ದು!

ಅಮ್ಮ ಫ್ಲೋರಾ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಣ್ಣುಮಕ್ಕಳು ಡಿಗ್ರಿ ಮಾಡೋದೇ ಅಪರೂಪವಾಗಿದ್ದ ಕಾಲದಲ್ಲಿ ಗಣಿತ ಮತ್ತು ತರ್ಕಶಾಸ್ತ್ರ ಓದಿ ಡಿಗ್ರಿ ಪಡೆದವರು. ಮಗನಿಗೆ ಫ್ರೆಂಚ್, ಲ್ಯಾಟಿನ್ ಶುರು ಮಾಡಿಸಿದ್ದು ಅವರೇ. 1908ರಲ್ಲಿ ಒಂದು ರಾತ್ರಿ ಜ್ಯಾಕ್‌ಗೆ ತಲೆನೋವು, ಹಲ್ಲುನೋವು. ಅಮ್ಮ ಯಾಕೆ ಬರ್ತಿಲ್ಲ ಅಂತ ಅಳ್ತಾ ಮಲಗಿದ್ದ. ಅಮ್ಮ ಬರೋ ಸ್ಥಿತಿಯಲ್ಲಿರಲಿಲ್ಲ. ಆಚೆ ಕೋಣೆಯಲ್ಲಿ ಡಾಕ್ಟರುಗಳು, ಮೆಟ್ಟಿಲ ಮೇಲೆ ಕಾಲಸಪ್ಪಳ, ಪಿಸುಮಾತು, ಬಾಗಿಲು ತೆಗೆಯುವ ಮುಚ್ಚುವ ಸದ್ದು. ಕ್ಯಾನ್ಸರ್. ಆಪರೇಷನ್ ಮನೆಯಲ್ಲೇ ಆಯ್ತು. ಹುಡುಗ ದೇವರಲ್ಲಿ ಬೇಡಿಕೊಂಡ, ಮಂತ್ರ ಹಾಕಿದ ಹಾಗೆ ಕೆಲಸ ಆಗುತ್ತೆ ಅಂತ ಪೂರ್ತಿ ನಂಬಿ ಬೇಡಿಕೊಂಡ. ಆಗಸ್ಟ್ 23ರಂದು, ಅಪ್ಪನ ಹುಟ್ಟಿದ ಹಬ್ಬದ ದಿನವೇ, ಅಮ್ಮ ಹೋದರು. ಅವನಿಗೆ ಒಂಬತ್ತು ವರ್ಷ. ಅಪ್ಪನ ಕೋಣೆಯಲ್ಲಿ ಒಂದು ಶೇಕ್ಸ್‌ಪಿಯರ್ ಕ್ಯಾಲೆಂಡರ್ ಇತ್ತು, ದಿನಕ್ಕೊಂದು ಸಾಲಿನದು. ಆ ದಿನದ ಸಾಲು 'ಕಿಂಗ್ ಲಿಯರ್' ನಾಟಕದ್ದು, ಸಾವಿನ ಬಗ್ಗೆ. ಆ ಕ್ಯಾಲೆಂಡರ್ ನೆನಪಿರಲಿ.

ಅಪ್ಪ ದುಃಖದಲ್ಲಿ ಮಕ್ಕಳ ಕೈಗೆ ಸಿಗದಷ್ಟು ದೂರ ಹೋಗಿಬಿಟ್ಟರು. ಒಂದು ತಿಂಗಳೊಳಗೆ ಜ್ಯಾಕ್‌ನನ್ನ ಹಡಗು ಹತ್ತಿಸಿ ಇಂಗ್ಲೆಂಡಿನ ವಾಟ್‌ಫರ್ಡ್‌ನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಅಲ್ಲಿನ ಹೆಡ್‌ಮಾಸ್ಟರ್ ಬೆತ್ತ ಹಿಡಿದ ರಾಕ್ಷಸ. ಮುಂದೆ ಅವನಿಗೆ ಬುದ್ಧಿಭ್ರಮಣೆ ಅಂತಲೇ ತೀರ್ಮಾನವಾಯ್ತು, ಶಾಲೆಯೂ ಮುಚ್ಚಿತು. ನಂತರ ಎರಡು ಮೂರು ಶಾಲೆ ಬದಲಾದವು, ಯಾವುದೂ ಹಿಡಿಸಲಿಲ್ಲ. ಈ ನಡುವೆ ದೇವರ ಮೇಲಿನ ನಂಬಿಕೆಯೂ ಹೋಯ್ತು. ನಾರ್ನಿಯಾದ 'ದಿ ಸಿಲ್ವರ್ ಚೇರ್' ಒಂದು ಹಾಳು ಶಾಲೆಯ ಹಿಂದೆ ಅಳ್ತಾ ನಿಂತ ಹುಡುಗಿಯಿಂದ ಶುರುವಾಗುತ್ತೆ. ಚಿಕ್ಕವರಿದ್ದಾಗ ಆ ಪುಟಗಳನ್ನ ಬೇಗ ಹಾರಿಸಿ ಮ್ಯಾಜಿಕ್ ಬರೋ ಜಾಗಕ್ಕೆ ಓಡ್ತಿದ್ದೆವು. ಈ ಸಲ ಅಲ್ಲೇ ನಿಂತೆವು.

1914ರಲ್ಲಿ ಅದೃಷ್ಟ ತಿರುಗಿತು. ಅಪ್ಪನಿಗೇ ಮೇಷ್ಟ್ರಾಗಿದ್ದ ಕರ್ಕ್‌ಪ್ಯಾಟ್ರಿಕ್ ಅನ್ನೋ ಮುದುಕರ ಮನೆಗೆ, ಸರ್ರೆಯ ಗ್ರೇಟ್ ಬುಕಮ್ ಅನ್ನೋ ಹಳ್ಳಿಗೆ, ಜ್ಯಾಕ್ ಖಾಸಗಿ ಪಾಠಕ್ಕೆ ಹೋದ. ರೈಲಿಳಿದ ಹುಡುಗ ಮಾತಿಗೆ ಏನಾದರೂ ಇರಲಿ ಅಂತ, ಈ ಊರು ನಾನು ಅಂದುಕೊಂಡದ್ದಕ್ಕಿಂತ ಕಾಡು ಕಾಡಾಗಿದೆ ಅಂದ. ತಗೋ, ಶುರು! ಕಾಡು ಅಂದರೆ ಏನರ್ಥ, ಮೊದಲು ಹಾಗಲ್ಲ ಅಂದುಕೊಂಡದ್ದಕ್ಕೆ ಆಧಾರ ಏನು, ಮ್ಯಾಪ್ ನೋಡಿದ್ದೆಯಾ, ಇಲ್ಲಿನ ಗಿಡಮರದ ಬಗ್ಗೆ ಓದಿದ್ದೆಯಾ? ಏನೂ ಇಲ್ಲ ಅಂದಮೇಲೆ ಈ ವಿಷಯದಲ್ಲಿ ಅಭಿಪ್ರಾಯ ಇಟ್ಟುಕೊಳ್ಳೋಕೇ ನಿನಗೆ ಹಕ್ಕಿಲ್ಲ ಅಂತ ಮುದುಕರ ತೀರ್ಪು. ಸ್ಟೇಷನ್ನಿನಿಂದ ಮನೆ ಸೇರೋ ಹೊತ್ತಿಗೆ ಒಂದು ಎಕ್ಸ್‌ಟರ್ನಲ್ ವೈವಾ ಮುಗಿದಿತ್ತು. ಬೇರೆ ಹುಡುಗ ಆಗಿದ್ದರೆ ವಾಪಸ್ ರೈಲು ಹತ್ತುತ್ತಿದ್ದ. ಜ್ಯಾಕ್‌ಗೆ ಮಾತ್ರ ಹಬ್ಬ. ಎರಡೂವರೆ ವರ್ಷ ಅಲ್ಲಿ ಗ್ರೀಕ್, ಲ್ಯಾಟಿನ್, ಇಟಾಲಿಯನ್ ಓದಿದ.

ಮೊದಲ ನಾರ್ನಿಯಾ ಪುಸ್ತಕದ ಮುದಿ ಪ್ರೊಫೆಸರ್ ನೆನಪಿದ್ದಾರಾ? ಬೀರುವಿನೊಳಗೆ ಕಾಡು ಇದೆ ಅಂತ ಲೂಸಿ ಹೇಳ್ತಾಳೆ, ಅಣ್ಣ ಅಕ್ಕ ನಂಬೋದಿಲ್ಲ. ಆಗ ಪ್ರೊಫೆಸರ್ ತರ್ಕ ಹಾಕ್ತಾರೆ: ಒಂದೋ ಅವಳು ಸುಳ್ಳು ಹೇಳ್ತಿರಬೇಕು, ಇಲ್ಲ ತಲೆ ಕೆಟ್ಟಿರಬೇಕು, ಇಲ್ಲ ನಿಜ ಹೇಳ್ತಿರಬೇಕು, ಅವಳು ಸುಳ್ಳಿ ಅಲ್ಲ, ಹುಚ್ಚಿಯೂ ಅಲ್ಲ, ಹಾಗಿದ್ದಮೇಲೆ? ಆ ಪ್ರೊಫೆಸರ್ ಹೆಸರು ಕರ್ಕ್. ಹಳೇ ಮೇಷ್ಟ್ರನ್ನ ಹೀಗೂ ನೆನೆಯಬಹುದು.

ಈಗ ನಮ್ಮ ಕ್ಯಾಂಪಸ್ಸಿಗೆ ಸಂಬಂಧಪಟ್ಟ ವಿಷಯ. ಇಷ್ಟೆಲ್ಲ ಭಾಷೆ ಬಲ್ಲ ಹುಡುಗ, ಗಣಿತದಲ್ಲಿ ಡಿಗ್ರಿ ಪಡೆದ ತಾಯಿಯ ಮಗ, ಆಕ್ಸ್‌ಫರ್ಡ್ ಪ್ರವೇಶದ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾದ. ಆಲ್ಜಿಬ್ರಾ ತಲೆಗೆ ಹತ್ತಲೇ ಇಲ್ಲ. ಆ ಬ್ಯಾಕ್‌ಲಾಗ್ ಅವನು ಕೊನೆಗೂ ಕ್ಲಿಯರ್ ಮಾಡಲಿಲ್ಲ! ಯುದ್ಧಕ್ಕೆ ಹೋಗಿ ಬಂದವರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟದ್ದಕ್ಕೆ ಉಳಿದುಕೊಂಡ. ಆದರೆ ಆ ಗ್ರೇಸ್‌ಗೆ ಅವನು ತೆತ್ತ ಬೆಲೆ ಕೇಳಿದರೆ ನಗು ಬರೋಲ್ಲ. ಹತ್ತೊಂಬತ್ತನೇ ಹುಟ್ಟಿದ ಹಬ್ಬದ ದಿನ, 1917ರ ನವೆಂಬರ್ 29ರಂದು, ಫ್ರಾನ್ಸಿನ ಯುದ್ಧದ ಕಂದಕ ತಲುಪಿದ. 1918ರ ಏಪ್ರಿಲ್‌ನಲ್ಲಿ ತನ್ನದೇ ಕಡೆಯವರ ಗುಂಡು ಗುರಿ ತಲುಪದೆ ಪಕ್ಕದಲ್ಲೇ ಬಿದ್ದು ಸಿಡಿಯಿತು. ಜೊತೆಗಿದ್ದ ಸಾರ್ಜೆಂಟ್ ಸತ್ತ, ಇವನ ಮೈತುಂಬ ಚೂರುಗಳು. ಅದಕ್ಕೂ ಸ್ವಲ್ಪ ಮುಂಚೆ ಟ್ರೈನಿಂಗಿನ ರೂಮ್‌ಮೇಟ್ ಪ್ಯಾಡಿ ಮೂರ್ ಸತ್ತಿದ್ದ. ನಮ್ಮಿಬ್ಬರಲ್ಲಿ ಒಬ್ಬ ಸತ್ತರೆ ಇನ್ನೊಬ್ಬ ಅವನ ಮನೆಯವರನ್ನ ನೋಡಿಕೊಳ್ಳಬೇಕು ಅಂತ ಇಬ್ಬರಲ್ಲಿ ಮಾತಾಗಿತ್ತು. ಲೂಯಿಸ್ ಆ ಮಾತು ಉಳಿಸಿಕೊಂಡ. ಪ್ಯಾಡಿಯ ತಾಯಿ, ತಂಗಿಯ ಜೊತೆ ಸಂಸಾರ ಹೂಡಿ, ಆ ತಾಯಿ 1951ರಲ್ಲಿ ತೀರಿಕೊಳ್ಳೋತನಕ ಮೂವತ್ತು ವರ್ಷ ನೋಡಿಕೊಂಡ. ಆ ಸಂಬಂಧ ಏನಿತ್ತು ಅಂತ ಬರೆದವರೆಲ್ಲ ಅವರವರ ಊಹೆ ಬರೆದಿದ್ದಾರೆ, ನಾವು ಆ ತಂಟೆಗೆ ಹೋಗೋದಿಲ್ಲ.

ಆಕ್ಸ್‌ಫರ್ಡ್‌ನಲ್ಲಿ ಮೂರು ಪರೀಕ್ಷೆಗಳಲ್ಲಿ ಮೂರು ಫಸ್ಟ್ ಕ್ಲಾಸ್. 1925ರಲ್ಲಿ ಮಾಡ್ಲಿನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕ. ಇಲ್ಲಿಂದ ಮುಂದೆ ಮೇಷ್ಟ್ರು, ಬಹುವಚನ ಕೊಡಲೇಬೇಕು.

ಮುಂದಿನ ವರ್ಷ ಇನ್ನೊಬ್ಬ ಮೇಷ್ಟ್ರ ಪರಿಚಯವಾಯ್ತು, ಜೆ. ಆರ್. ಆರ್. ಟೋಲ್ಕಿನ್. ಇಬ್ಬರಿಗೂ ಹಳೆಯ ಉತ್ತರ ಯುರೋಪಿನ ಪುರಾಣಗಳ ಹುಚ್ಚು. ಇವರ ಸುತ್ತ ಇಂಕ್ಲಿಂಗ್ಸ್ ಅನ್ನೋ ಗೆಳೆಯರ ಗುಂಪು ಬೆಳೆಯಿತು. ಗುರುವಾರ ರಾತ್ರಿ ಲೂಯಿಸರ ರೂಮಿನಲ್ಲಿ ಬರೆದದ್ದನ್ನ ಓದೋದು, ಮುಲಾಜಿಲ್ಲದೆ ಬಯ್ಯೋದು. ಮಂಗಳವಾರ ಬೆಳಗ್ಗೆ ಪಬ್ಬಿನಲ್ಲಿ ಹರಟೆ. 'ಲಾರ್ಡ್ ಆಫ್ ದಿ ರಿಂಗ್ಸ್' ಮುಗಿದಿದ್ದರೆ ಅದಕ್ಕೆ ಲೂಯಿಸರ ಒತ್ತಾಯವೇ ಕಾರಣ ಅಂತ ಟೋಲ್ಕಿನ್ನರೇ ಒಪ್ಪಿಕೊಂಡಿದ್ದರು. ಕಳೆದುಹೋಗಿದ್ದ ದೇವರು ವಾಪಸ್ ಬಂದದ್ದೂ ಈ ಹರಟೆಗಳ ನಡುವೆಯೇ. 1931ರ ಸೆಪ್ಟೆಂಬರಿನ ಒಂದು ರಾತ್ರಿ ಟೋಲ್ಕಿನ್ ಮತ್ತು ಇನ್ನೊಬ್ಬ ಗೆಳೆಯ ಹ್ಯೂಗೋ ಡೈಸನ್ ಜೊತೆ ಕಾಲೇಜಿನ ಹೊಳೆದಂಡೆಯಲ್ಲಿ ನಡೀತಾ, ಪುರಾಣಗಳು ಸುಳ್ಳಾ ನಿಜವಾ ಅಂತ ಬೆಳಗಿನ ಜಾವದವರೆಗೆ ಮಾತು. ಕೆಲವೇ ದಿನಗಳಲ್ಲಿ ವಾರ್ನಿಯ ಬೈಕಿನ ಸೈಡ್‌ಕಾರಿನಲ್ಲಿ ಕೂತು ಪ್ರಾಣಿ ಸಂಗ್ರಹಾಲಯ ನೋಡೋಕೆ ಹೊರಟರು. ಹೊರಟಾಗ ನಂಬಿಕೆ ಇರಲಿಲ್ಲ, ಇಳಿದಾಗ ಇತ್ತು. ದಾರಿಯಲ್ಲಿ ಏನಾಯ್ತು ಅಂತ ಅವರಿಗೂ ಬಿಡಿಸಿ ಹೇಳೋಕೆ ಬರಲಿಲ್ಲ.

ಇದೇ ಹೊತ್ತಿಗೆ ಇದೇ ಹುಡುಕಾಟದಲ್ಲಿದ್ದ ಅವರ ಶಿಷ್ಯ ಅಲನ್ ಗ್ರಿಫಿತ್ಸ್ ಸನ್ಯಾಸಿಯಾಗಿ ಬೀಡ್ ಗ್ರಿಫಿತ್ಸ್ ಆದರು. ಲೂಯಿಸ್ 1955ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನ ಅರ್ಪಿಸಿರೋದು ಅವರಿಗೇ. ಅದೇ ವರ್ಷ ಗ್ರಿಫಿತ್ಸ್ ಭಾರತಕ್ಕೆ ಬಂದರು. ಮೊದಲು ನೆಲೆಸಿದ್ದು ಎಲ್ಲಿ ಅಂತೀರಿ? ನಮ್ಮ ಕೆಂಗೇರಿಯಲ್ಲಿ! ಆಮೇಲೆ ಕೇರಳ, ಕೊನೆಗೆ ತಮಿಳುನಾಡಿನ ಕಾವೇರಿ ದಂಡೆಯ ಶಾಂತಿವನ. ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕೆಂಗೇರಿ ದಾಟುವಾಗ ನಾವೀಗ ಇದನ್ನ ನೆನೆಸಿಕೊಳ್ತೇವೆ.

ಸರಿ, ನಾರ್ನಿಯಾ. ಹದಿನಾರನೇ ವಯಸ್ಸಿನಿಂದ ಲೂಯಿಸರ ತಲೆಯಲ್ಲಿ ಒಂದು ಚಿತ್ರ ಕೂತಿತ್ತು: ಹಿಮ ಬಿದ್ದ ಕಾಡು, ಆಡಿನ ಕಾಲಿನ ಒಬ್ಬ, ಕೈಯಲ್ಲಿ ಕೊಡೆ, ಕಂಕುಳಲ್ಲಿ ಪೊಟ್ಟಣಗಳು. ಕಥೆ ಇಲ್ಲ, ಬರೀ ಚಿತ್ರ. 1939ರಲ್ಲಿ ಯುದ್ಧ ಶುರುವಾಗಿ, ಬಾಂಬಿನ ಭಯಕ್ಕೆ ಲಂಡನ್ನಿನ ಮಕ್ಕಳನ್ನ ಬೇರೆ ಊರುಗಳಿಗೆ ಸಾಗಿಸಿದಾಗ, ಆಕ್ಸ್‌ಫರ್ಡ್ ಹೊರವಲಯದ ಕಿಲ್ನ್ಸ್ ಅನ್ನೋ ಇವರ ಮನೆಗೂ ಕೆಲವು ಹುಡುಗಿಯರು ಬಂದರು. ಮಕ್ಕಳ ಜೊತೆ ಹೇಗೆ ಮಾತಾಡಬೇಕು ಅಂತಲೇ ಗೊತ್ತಿಲ್ಲದ ನಲವತ್ತರ ಬ್ರಹ್ಮಚಾರಿ. ಆಗ ಮುದಿ ಪ್ರೊಫೆಸರರ ಮನೆಗೆ ಬಂದ ನಾಲ್ಕು ಮಕ್ಕಳ ಕಥೆ ನಾಲ್ಕು ಸಾಲು ಬರೆದು ಬಿಟ್ಟರು. ಮತ್ತೆ ಕೈಗೆತ್ತಿಕೊಂಡದ್ದು ಸುಮಾರು ಹತ್ತು ವರ್ಷ ಬಿಟ್ಟು. ಆ ಹೊತ್ತಿಗೆ ರೇಡಿಯೋ ಭಾಷಣಗಳಿಂದ, ಧರ್ಮದ ಪುಸ್ತಕಗಳಿಂದ ಅವರು ಬಹಳ ಪ್ರಸಿದ್ಧರು. 1947ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಬಂದಿದ್ದರು. ಮನೆಯಲ್ಲಿ ಮಾತ್ರ ಹಾಸಿಗೆ ಹಿಡಿದ ಮಿಸೆಸ್ ಮೂರ್, ಕುಡಿತಕ್ಕೆ ಬಿದ್ದ ಅಣ್ಣ, ರಾಶಿ ಪತ್ರಗಳು. 1949ರಲ್ಲಿ ಸುಸ್ತಿನಿಂದ ಲೂಯಿಸರೇ ಆಸ್ಪತ್ರೆ ಸೇರಿದರು. ಅಂಥ ದಿನಗಳಲ್ಲಿ, ಟೈಪ್‌ರೈಟರ್ ಮುಟ್ಟದೆ, ಮಸಿಯಲ್ಲಿ ಅದ್ದುವ ನಿಬ್ಬಿನಲ್ಲಿ ಬರೆದ ಕಥೆಗಳು ಇವು. 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಏಳೂ ಬಂದವು.

ಟೋಲ್ಕಿನ್‌ಗೆ ಇಷ್ಟವಾಗಲಿಲ್ಲ. ಗ್ರೀಕ್ ಪುರಾಣದ ಆಡುಗಾಲಿನವನು, ಕ್ರಿಸ್ಮಸ್ ತಾತ, ಮಾತಾಡೋ ಬೀವರ್, ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದ್ದಾನೆ ಅಂತ. ಒಂದು ಭಾಷೆಗೆ ವ್ಯಾಕರಣ ಬರೆದು ಆಮೇಲೆ ಆ ಭಾಷೆ ಆಡುವವರನ್ನ ಸೃಷ್ಟಿಸುವ ಮನುಷ್ಯನಿಗೆ ಇದು ಚಿತ್ರಾನ್ನದ ಹಾಗೆ ಕಂಡಿರಬೇಕು. ನಮಗೆ ಚಿತ್ರಾನ್ನವೇ ಇಷ್ಟ, ಏನು ಮಾಡೋಣ.

ಮರು ಓದಿನಲ್ಲಿ ಕೆಲವು ಕಡೆ ಖುಷಿ, ಕೆಲವು ಕಡೆ ಕಸಿವಿಸಿ. ಎಡ್ಮಂಡ್ ಒಂದು ಡಬ್ಬಿ ಟರ್ಕಿಶ್ ಡಿಲೈಟ್ ಆಸೆಗೆ ಒಡಹುಟ್ಟಿದವರನ್ನೇ ಮಾರೋದು ಚಿಕ್ಕವರಿದ್ದಾಗ ನಮಗೆ ಅರ್ಥವಾಗಿರಲಿಲ್ಲ. ಬಾಂಬೆ ಹಲ್ವಾದಂಥ ಒಂದು ಸಿಹಿಗೆ ಇಷ್ಟೊಂದಾ? ಈಗ ತಿಳೀತು, ಆ ಪುಸ್ತಕ ಬಂದಾಗ ಬ್ರಿಟನ್ನಿನಲ್ಲಿ ಮಿಠಾಯಿಗೆ ರೇಷನ್ ಇತ್ತು, ತೆಗೆದದ್ದು 1953ರಲ್ಲಿ. ಓದ್ತಿದ್ದ ಪ್ರತಿ ಮಗುವಿನ ಬಾಯಲ್ಲೂ ನೀರೂರಿರಬೇಕು.

ಕಸಿವಿಸಿ ಆದದ್ದು ಕ್ಯಾಲೋರ್ಮೆನ್ ಅನ್ನೋ ದಕ್ಷಿಣದ ದೇಶ ಬಂದಾಗ. ಕಪ್ಪು ಮೈಬಣ್ಣ, ಮುಂಡಾಸು, ಬಾಗಿದ ಕತ್ತಿ, ಗುಲಾಮರ ವ್ಯಾಪಾರ. ಅವರ ದೇವರು ಟಾಶ್‌ಗೆ ಹಕ್ಕಿಯ ತಲೆ, ನಾಲ್ಕು ಕೈ. ಏಳನೇ ಕ್ಲಾಸಿನಲ್ಲಿ ನಾವು ನಾರ್ನಿಯಾದ ಕಡೆ ನಿಂತು ಇವರ ವಿರುದ್ಧ ಯುದ್ಧ ಮಾಡಿದ್ದೆವು. ಈಗ ಓದುವಾಗ ತಲೆ ಎತ್ತಿ ನೋಡಿದರೆ ಮನೆಯ ದೇವರ ಕೋಣೆಯಲ್ಲೂ ನಾಲ್ಕು ಕೈಯ ಮೂರ್ತಿ. ಅವರು ನಮ್ಮನ್ನೇ ನೆನೆದು ಬರೆದರು ಅಂತಲ್ಲ, ಅರೇಬಿಯನ್ ನೈಟ್ಸ್‌ನ ಬಣ್ಣ ಅದು. ಆದರೂ ಚುಚ್ಚಿತು. ಅದೇ ದೇಶದ ಧೈರ್ಯವಂತೆ ಅರಾವಿಸ್ ಇದ್ದಾಳೆ. ಜೀವನವಿಡೀ ಟಾಶ್‌ನನ್ನೇ ಪ್ರಾಮಾಣಿಕವಾಗಿ ಪೂಜಿಸಿದ ಎಮೆತ್ ಅನ್ನೋ ಸೈನಿಕನನ್ನ ಅಸ್ಲಾನ್ ಸಿಂಹವೇ ಕೊನೆಗೆ ತನ್ನವನು ಅಂತ ಅಪ್ಪಿಕೊಳ್ಳುತ್ತೆ. ಅಷ್ಟಾದರೂ ಮನಸ್ಸು ದೊಡ್ಡದು ಅಂತ ನಮ್ಮಲ್ಲಿಬ್ಬರು. ಅಷ್ಟು ಸಾಲದು ಅಂತ ಇನ್ನಿಬ್ಬರು. ಈ ಜಗಳ ಇನ್ನೂ ಮುಗಿದಿಲ್ಲ.

ಸೂಸನ್ ವಿಷಯದಲ್ಲಿ ಮಾತ್ರ ನಾಲ್ವರೂ ಒಂದೇ ಕಡೆ. ಕೊನೆಯ ಪುಸ್ತಕದಲ್ಲಿ ಎಲ್ಲರೂ ನಿಜವಾದ ನಾರ್ನಿಯಾ ಸೇರ್ತಾರೆ, ಸೂಸನ್ ಇಲ್ಲ. ಲಿಪ್‌ಸ್ಟಿಕ್, ನೈಲಾನ್ ಕಾಲುಚೀಲ, ಪಾರ್ಟಿ ಅಂತ ನಾರ್ನಿಯಾವನ್ನ ಮರೆತುಬಿಟ್ಟಳಂತೆ. ಅವಳ ಅಪ್ಪ, ಅಮ್ಮ, ಅಣ್ಣ, ತಮ್ಮ, ತಂಗಿ ಎಲ್ಲ ಒಂದೇ ರೈಲು ಅಪಘಾತದಲ್ಲಿ ಹೋದಮೇಲೆ ಆ ಹುಡುಗಿ ಒಬ್ಬಳೇ ಏನು ಮಾಡಿದಳು ಅಂತ ಲೂಯಿಸ್ ಹೇಳೋದಿಲ್ಲ. ಎಥ್ನಿಕ್ ಡೇ ದಿನ ಲಿಪ್‌ಸ್ಟಿಕ್ ಹಚ್ಚಿಕೊಂಡವರೂ, ನಾರ್ನಿಯಾವನ್ನ ಏಳೆಂಟು ವರ್ಷ ಮರೆತವರೂ ನಾವೇ. ಸೂಸನ್ ಅಂದರೆ ನಾವೇ! ಒಬ್ಬ ಹುಡುಗ ಪತ್ರ ಬರೆದು ಕೇಳಿದ್ದಕ್ಕೆ ಲೂಯಿಸ್, ಅವಳಿನ್ನೂ ಬದುಕಿದ್ದಾಳೆ, ಸರಿಹೋಗೋಕೆ ಸಮಯವಿದೆ, ತನ್ನದೇ ದಾರಿಯಲ್ಲಿ ಬಂದು ಸೇರಬಹುದು ಅನ್ನೋ ಅರ್ಥದಲ್ಲಿ ಉತ್ತರಿಸಿದ್ದರು. ಪುಸ್ತಕದಲ್ಲೇ ಅದನ್ನ ಬರೆದಿದ್ದರೆ ಏನಾಗ್ತಿತ್ತು? ಪತ್ರಗಳಿಗೆ ಮಾತ್ರ ಈ ಮನುಷ್ಯ ತಪ್ಪದೆ ಉತ್ತರ ಬರೀತಿದ್ದರು, ಬೆಳಗಿನ ಗಂಟೆಗಳೇ ಅದಕ್ಕೆ ಹೋಗ್ತಿದ್ದವು. ಟೈಪ್ ಮಾಡಿ ನೆರವಾಗ್ತಿದ್ದದ್ದು ವಾರ್ನಿ.

ಮೊದಲ ಪುಸ್ತಕವನ್ನ ಅವರು ಅರ್ಪಿಸಿದ್ದು ಗೆಳೆಯ ಓವನ್ ಬಾರ್‌ಫೀಲ್ಡ್‌ರ ಮಗಳು ಲೂಸಿಗೆ. ಶುರು ಮಾಡಿದಾಗ ಚಿಕ್ಕವಳಿದ್ದಳು, ಅಚ್ಚಾಗೋ ಹೊತ್ತಿಗೆ ಕಿನ್ನರ ಕಥೆಯ ವಯಸ್ಸು ದಾಟಿಬಿಟ್ಟಳು. ಆದರೆ ಒಂದು ದಿನ ಮತ್ತೆ ಕಿನ್ನರ ಕಥೆ ಓದುವಷ್ಟು ದೊಡ್ಡವಳಾಗ್ತಾಳೆ, ಆಗ ಕಪಾಟಿನ ಮೇಲಿಂದ ಇಳಿಸಿ ಧೂಳು ಕೊಡವಬಹುದು ಅನ್ನೋದು ಆ ಅರ್ಪಣೆಯ ಸಾರ. ಏಳನೇ ಕ್ಲಾಸಿನಲ್ಲಿ ಆ ಪುಟ ಓದದೆ ತಿರುಗಿಸಿದ್ದೆವು. ಈ ಸಲ ಮೊದಲು ಕಣ್ಣಿಗೆ ಬಿದ್ದದ್ದೇ ಅದು.

ಇನ್ನು 'ದಿ ಮೆಜಿಷಿಯನ್ಸ್ ನೆಫ್ಯೂ'. ಪ್ರಕಟವಾದ ಕ್ರಮದಲ್ಲಿ ಆರನೆಯದು, 1955. ಆದರೆ ಮೊದಲನೆಯ ಪುಸ್ತಕ ಮುಗಿಸಿದ ಕೂಡಲೇ 1949ರಲ್ಲೇ ಶುರು ಮಾಡಿ, ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು, ಏಳರಲ್ಲೂ ಕೊನೆಗೆ ಮುಗಿಸಿದ್ದು ಇದನ್ನ. ಉಳಿದವನ್ನ ಕೆಲವೇ ತಿಂಗಳಲ್ಲಿ ಬರೆದವರಿಗೆ ಇದಕ್ಕೆ ಐದು ವರ್ಷ ಹಿಡಿಯಿತು. ಯಾಕೆ ಅಂತ ಕಥೆ ಓದಿದರೆ ಗೊತ್ತಾಗುತ್ತೆ. ಡಿಗರಿ ಅನ್ನೋ ಹುಡುಗ. ಅಪ್ಪ ದೂರದ ಇಂಡಿಯಾದಲ್ಲಿ. ಅಮ್ಮ ಸೋದರಮಾವನ ಮನೆಯಲ್ಲಿ ಸಾವಿನ ಹಾಸಿಗೆಯಲ್ಲಿ. ಹೊಸದಾಗಿ ಹುಟ್ಟಿದ ನಾರ್ನಿಯಾದಲ್ಲಿ ಅಸ್ಲಾನ್ ಅವನನ್ನ ಒಂದು ಸೇಬು ತರೋಕೆ ಕಳಿಸುತ್ತೆ. ತೋಟದಲ್ಲಿ ಮಾಟಗಾತಿ ಕಿವಿಯೂದುತ್ತಾಳೆ: ಕದ್ದುಕೊಂಡು ಹೋಗು, ನಿಮ್ಮಮ್ಮ ಬದುಕ್ತಾಳೆ. ಹುಡುಗ ಕದಿಯೋದಿಲ್ಲ. ಅಮ್ಮನ ಆಸೆ ಬಿಟ್ಟೇ ವಾಪಸ್ ಬರ್ತಾನೆ. ಅವನ ಅಮ್ಮನ ಸುದ್ದಿ ಬಂದಾಗ ಸಿಂಹದ ಕಣ್ಣಲ್ಲಿ ನೀರು. ಕೊನೆಗೆ ಅಸ್ಲಾನ್ ತಾನಾಗೇ ಒಂದು ಸೇಬು ಕೊಡುತ್ತೆ. ಅಮ್ಮ ತಿಂತಾಳೆ, ಹುಷಾರಾಗ್ತಾಳೆ. ಸೇಬಿನ ತಿರುಳನ್ನ ಹುಡುಗ ಹಿತ್ತಲಲ್ಲಿ ಹೂಳ್ತಾನೆ, ಮರವಾಗುತ್ತೆ, ಎಷ್ಟೋ ವರ್ಷದ ಮೇಲೆ ಬಿರುಗಾಳಿಗೆ ಉರುಳುತ್ತೆ. ಅಷ್ಟು ಹೊತ್ತಿಗೆ ಪ್ರೊಫೆಸರ್ ಆಗಿದ್ದ ಡಿಗರಿ ಆ ಮರದಲ್ಲಿ ಒಂದು ಬೀರು ಮಾಡಿಸ್ತಾನೆ.

ಚಿಕ್ಕವರಿದ್ದಾಗ ಇದು ನಮಗೆ ಬೋರು ಹೊಡೆಸಿದ ಪುಸ್ತಕ. ಈ ಸಲ ಇದನ್ನ ಮೊದಲು ಮುಗಿಸಿದವಳು ಯಾರಿಗೂ ಏನೂ ಹೇಳದೆ ಹಾಸ್ಟೆಲ್ ಟೆರೇಸಿಗೆ ಹೋಗಿ ಮನೆಗೆ ಫೋನ್ ಹಚ್ಚಿದಳು. ಆ ಹೊತ್ತಲ್ಲಿ ಮಗಳ ಫೋನ್ ಅಂತ ಅಮ್ಮನಿಗೇ ಗಾಬರಿಯಾಗಿ, ಊಟ ಆಯ್ತಾ, ದುಡ್ಡು ಬೇಕಾ ಅಂತ ಕೇಳಿದರಂತೆ.

ಕಥೆಯಲ್ಲಿ ಅಮ್ಮನನ್ನ ಉಳಿಸಿಕೊಂಡ ಮನುಷ್ಯನಿಗೆ ಬದುಕು ಅದೇ ಪಾಠವನ್ನ ಮತ್ತೊಮ್ಮೆ ಓದಿಸಿತು. ಆಕ್ಸ್‌ಫರ್ಡ್ ಸುಮಾರು ಮೂವತ್ತು ವರ್ಷ ದುಡಿಸಿಕೊಂಡರೂ ಪ್ರೊಫೆಸರ್ ಹುದ್ದೆ ಕೊಡಲಿಲ್ಲ. 1954ರಲ್ಲಿ ಕೇಂಬ್ರಿಡ್ಜ್ ಕರೆದು ಕೊಟ್ಟಿತು. ಕಾಲೇಜಿನ ಹೆಸರು ಅಲ್ಲೂ ಮಾಡ್ಲಿನ್ನೇ, ಸ್ಪೆಲಿಂಗಿನಲ್ಲಿ ಒಂದಕ್ಷರ ಜಾಸ್ತಿ ಅಷ್ಟೆ. ಅಷ್ಟರಲ್ಲಿ ಪತ್ರಗಳ ಮೂಲಕ ಪರಿಚಯವಾದ ಅಮೆರಿಕದ ಕವಯಿತ್ರಿ ಜಾಯ್ ಡೇವಿಡ್‌ಮನ್ ಇಬ್ಬರು ಗಂಡುಮಕ್ಕಳ ಜೊತೆ ಇಂಗ್ಲೆಂಡಿಗೆ ಬಂದಿದ್ದರು. ಅವರ ವಾಸಕ್ಕೆ ಪರ್ಮಿಟ್ ಸಮಸ್ಯೆ ಬಂದಾಗ 1956ರಲ್ಲಿ ಲೂಯಿಸ್ ರಿಜಿಸ್ಟರ್ ಮದುವೆ ಮಾಡಿಕೊಂಡರು, ಬರೀ ಕಾಗದದ ಮೇಲೆ. ಅದೇ ವರ್ಷದ ಕೊನೆಗೆ ಜಾಯ್‌ಗೆ ಮೂಳೆಯ ಕ್ಯಾನ್ಸರ್ ಅಂತ ಗೊತ್ತಾಯ್ತು. ಕಾಗದದ ಮೇಲಿದ್ದದ್ದು ಆಗ ನಿಜವಾಯ್ತು. 1957ರ ಮಾರ್ಚ್‌ನಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕ ಪಾದ್ರಿಯನ್ನ ಕರೆಸಿ ಮತ್ತೆ ಮದುವೆ. ಐವತ್ತೆಂಟರ ಮದುಮಗ. ಆಮೇಲೆ ಯಾರೂ ನಿರೀಕ್ಷಿಸದ ಹಾಗೆ ಜಾಯ್ ಚೇತರಿಸಿಕೊಂಡರು, ಎದ್ದು ಓಡಾಡಿದರು, ಮನೆ ರಿಪೇರಿ ಮಾಡಿಸಿದರು. ಕದಿಯದೆ ಬಂದ ಹುಡುಗನಿಗೆ ಸೇಬು ಸಿಕ್ಕ ಹಾಗೇ ಆಯ್ತು. ಆದರೆ ಸೇಬು ಮೂರು ವರ್ಷಕ್ಕೆ ಮಾತ್ರ ಬಂತು. ರೋಗ ಮರಳಿತು. ಅದನ್ನ ಮೈಯಲ್ಲಿಟ್ಟುಕೊಂಡೇ 1960ರ ಏಪ್ರಿಲ್‌ನಲ್ಲಿ ಇಬ್ಬರೂ ಗ್ರೀಸ್ ನೋಡಿ ಬಂದರು. ಜುಲೈ 13ರಂದು ಜಾಯ್ ತೀರಿಕೊಂಡರು. ನಲವತ್ತೈದು ವರ್ಷ. ಚಿಕ್ಕ ಮಗನಿಗೆ ಹದಿನಾಲ್ಕು.

ಮನೆಯಲ್ಲಿ ಮತ್ತೆ ತಾಯಿ ಸತ್ತ ಇಬ್ಬರು ಅಣ್ಣತಮ್ಮಂದಿರು, ಏನು ಮಾತಾಡಬೇಕೋ ತಿಳಿಯದ ಒಬ್ಬ ಗಂಡಸು. ಈ ಸಲ ಆ ಗಂಡಸಿನ ಜಾಗದಲ್ಲಿ ತಾವೇ. ಆ ತಿಂಗಳುಗಳಲ್ಲಿ ಖಾಲಿ ನೋಟ್‌ಬುಕ್ಕುಗಳಲ್ಲಿ ಬರೆದದ್ದನ್ನ 1961ರಲ್ಲಿ ಬೇರೆ ಹೆಸರಿನಲ್ಲಿ ಪುಸ್ತಕ ಮಾಡಿದರು. ನಂಬಿಕೆಯ ಬಗ್ಗೆ ದೇಶಕ್ಕೆಲ್ಲ ರೇಡಿಯೋದಲ್ಲಿ ಧೈರ್ಯ ಹೇಳಿದ್ದ ಮನುಷ್ಯ ಅದರಲ್ಲಿ ದೇವರನ್ನ ಬಾಗಿಲು ಹಾಕಿಕೊಂಡವನೇ ಅಂತ ಜಾಡಿಸಿ ಕೇಳ್ತಾರೆ. ನಂಬಿಕೆ ಬಿಡಲಿಲ್ಲ, ಪ್ರಶ್ನೆಗಳನ್ನ ಅಡಗಿಸಲೂ ಇಲ್ಲ. ಗೆಳೆಯರು ಇವರದ್ದೇ ಅಂತ ತಿಳಿಯದೆ, ದುಃಖದಲ್ಲಿದ್ದೀಯ, ಓದು ಅಂತ ಅದೇ ಪುಸ್ತಕವನ್ನ ಇವರಿಗೇ ಕಳಿಸಿದರಂತೆ.

1963ರ ನವೆಂಬರ್ 22ರಂದು, ಅರವತ್ತೈದು ತುಂಬೋಕೆ ಒಂದು ವಾರ ಇರುವಾಗ, ಸಂಜೆ ಟೀ ಕೊಟ್ಟು ಬಂದ ವಾರ್ನಿಗೆ ಕೋಣೆಯಲ್ಲಿ ಏನೋ ಬಿದ್ದ ಸದ್ದು ಕೇಳಿಸಿತು. ಅದೇ ದಿನ ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯಾದ್ದರಿಂದ ನಾರ್ನಿಯಾ ಬರೆದವರು ಹೋದ ಸುದ್ದಿ ಹೆಚ್ಚು ಜನರಿಗೆ ತಲುಪಲೇ ಇಲ್ಲ. ಹೆಡಿಂಗ್ಟನ್ ಕ್ವಾರಿಯ ಚಿಕ್ಕ ಚರ್ಚಿನ ಅಂಗಳದಲ್ಲಿ ಸಮಾಧಿ. ವಾರ್ನಿ ದುಃಖ ತಾಳಲಾರದೆ ಹಾಸಿಗೆಯಿಂದ ಏಳಲಿಲ್ಲ. ಕಲ್ಲಿನ ಮೇಲೆ ಏನು ಕೆತ್ತಿಸಬೇಕು ಅನ್ನೋದನ್ನ ಮಾತ್ರ ಅವರೇ ಹೇಳಿದರು. ಅಮ್ಮ ಸತ್ತ ದಿನ ಅಪ್ಪನ ಕ್ಯಾಲೆಂಡರಿನಲ್ಲಿ ಇದ್ದ ಅದೇ ಸಾಲು. 1973ರಲ್ಲಿ ವಾರ್ನಿಯನ್ನೂ ಅದೇ ಕಲ್ಲಿನ ಕೆಳಗೆ ಇಟ್ಟರು.